ನೂರು ಹೆಸರಿನ ಪಟ್ಟಿ: ಡಲ್ಲಾಸ್‌ಗೆ ಹೊರಟಿರುವ ಮಂಡ್ಯದ ದಂಪತಿಗೆ

ನೀವು ಕೇಳಿರುವುದು ಇಷ್ಟು: ಮುಂದಿನ ತಿಂಗಳು ಮಂಡ್ಯ ಬಿಟ್ಟು ಡಲ್ಲಾಸ್‌ಗೆ ಹೊರಡುತ್ತಿದ್ದೀರಿ, ನಿಮ್ಮ ಯಜಮಾನರಿಗೆ ಎಚ್-1ಬಿ ಎಂಬ ಉದ್ಯೋಗದ ವೀಸಾ, ಅವರ ಹೆಂಡತಿಯಾಗಿ ನಿಮಗೆ ಎಚ್-4 ವೀಸಾ ಸಿಕ್ಕಿದೆ, ಅಲ್ಲಿರುವ ದೂರದ ಸಂಬಂಧಿಕರೊಬ್ಬರು ಪ್ರತಿ ಭಾನುವಾರ ವಿಡಿಯೊ ಕರೆ ಮಾಡಿ, ತಮ್ಮ ‘ಫೈನಾನ್ಷಿಯಲ್ ಸರ್ವಿಸಸ್’ ವ್ಯವಹಾರಕ್ಕೆ ಸೇರಿ, ಅಮೆರಿಕದಲ್ಲಿರುವ ಪರಿಚಿತರ ನೂರು ಹೆಸರುಗಳನ್ನು ಈಗಲೇ ಬರೆದಿಡಿ ಎನ್ನುತ್ತಿದ್ದಾರೆ. ಸೇರಬಹುದೇ ಎಂಬುದು ನಿಮ್ಮ ಪ್ರಶ್ನೆ. ರಜೆಗೆ ಬಂದು ಮೈಸೂರಿನ ಕುವೆಂಪುನಗರದಲ್ಲಿ ಕುಳಿತು ಇದನ್ನು ಬರೆಯುತ್ತಿರುವ ನಾನು ಹದಿನೆಂಟು ವರ್ಷಗಳಿಂದ ಡಲ್ಲಾಸ್‌ನಲ್ಲಿದ್ದೇನೆ. ಅದರಲ್ಲಿ ಒಂದೂವರೆ ವರ್ಷ ಇದೇ ವ್ಯವಹಾರದಲ್ಲಿದ್ದೆ.

ವೀಸಾದ ಮಾತನ್ನು ಮೊದಲು ಮುಗಿಸೋಣ. ಎಚ್-1ಬಿ ಮೇಲೆ ಬಂದವರು ಅರ್ಜಿ ಹಾಕಿ ಕರೆಸಿಕೊಂಡ ಕಂಪನಿಗೆ ಮಾತ್ರ ದುಡಿಯಬೇಕು, ಪಕ್ಕದಲ್ಲಿ ಕಮಿಷನ್ ಸಂಪಾದಿಸುವಂತಿಲ್ಲ. ಎಚ್-4ನವರಿಗೆ ಕೆಲಸದ ಪರವಾನಗಿ ಸಿಗುವುದು ಗಂಡ ಅಥವಾ ಹೆಂಡತಿಯ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಪ್ರಕ್ರಿಯೆ ಒಂದು ಹಂತ ದಾಟಿದ ಮೇಲೆ. ‘ಈಗ ಹೆಸರು ಬರೆಸಿ, ಹಣ ಆಮೇಲೆ ನೋಡೋಣ’ ಎಂಬ ಮಾತು ನಿಮ್ಮ ಕಿವಿಗೆ ಬೀಳಬಹುದು. ಅದಕ್ಕೆ ತಲೆಯಾಡಿಸಿದರೆ ಪಣಕ್ಕೆ ಬೀಳುವುದು ನಿಮ್ಮ ವೀಸಾ, ಅವರದಲ್ಲ.

ಇನ್ನು ವ್ಯವಹಾರದ ಒಳಗುಟ್ಟು. ಅಲ್ಲಿ ಮಾರಾಟವಾಗುವ ಮುಖ್ಯ ಸರಕು ಜೀವವಿಮೆ. ಟೆಕ್ಸಾಸ್‌ನಲ್ಲಿ ಅದನ್ನು ಮಾರಲು ಪರೀಕ್ಷೆ ಬರೆದು, ಬೆರಳಚ್ಚು ಕೊಟ್ಟು ರಾಜ್ಯದ ಲೈಸೆನ್ಸ್ ಪಡೆಯಬೇಕು. ಆದ್ದರಿಂದ ಇದೆಲ್ಲ ಬೋಗಸ್ ಎಂದು ತಳ್ಳಿಹಾಕುವಂತಿಲ್ಲ. ಪಾಲಿಸಿಯೂ ನಿಜ, ವಿಮಾ ಕಂಪನಿಯೂ ನಿಜ, ಕಮಿಷನ್ನೂ ನಿಜ. ತೊಡಕಿರುವುದು ಆ ಕಮಿಷನ್ ಹಂಚಿಕೆಯಾಗುವ ರೀತಿಯಲ್ಲಿ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ನೀವು ತಿಂಗಳಿಗೆ 500 ಡಾಲರ್, ಅಂದರೆ ವರ್ಷಕ್ಕೆ 6,000 ಡಾಲರ್ ಕಂತಿನ ಪಾಲಿಸಿ ಮಾರಿದಿರಿ. ಹೊಸಬರಾದ ನಿಮ್ಮ ದರ ಶೇ 30, ನಿಮ್ಮನ್ನು ಸೇರಿಸಿದವರದು ಶೇ 50, ಅವರನ್ನು ಸೇರಿಸಿದವರದು ಶೇ 65. ನಿಮಗೆ 1,800 ಡಾಲರ್ ಬಂದರೆ, ದರಗಳ ನಡುವಿನ ಅಂತರದ ಲೆಕ್ಕದಲ್ಲಿ ಅವರಿಗೆ 1,200, ಇನ್ನೂ ಮೇಲಿನವರಿಗೆ 900. ಇದಕ್ಕೆ ‘ಓವರ್‌ರೈಡ್’ ಎಂದು ಹೆಸರು. ನಮ್ಮ ಕಡೆ ಕಬ್ಬು ಕಡಿಯುವ ಗ್ಯಾಂಗಿನ ಮೇಸ್ತ್ರಿಗೂ ಕಮಿಷನ್ ಉಂಟು, ಆದರೆ ಅವನ ಆಳು ಸ್ವಂತ ಹೊಲದ ಕಬ್ಬನ್ನೇ ಮೊದಲು ಕಡಿದು ತರಬೇಕೆಂಬ ಕಟ್ಟಳೆಯಿಲ್ಲ. ಇಲ್ಲಿ ಸೇರಿದವರೇ ಮೊದಲ ಗಿರಾಕಿ. ಅಣ್ಣ, ಭಾವಮೈದ, ಪಿಇಎಸ್ ಕಾಲೇಜಿನ ಸಹಪಾಠಿಗಳು ನಂತರದವರು. ನೂರು ಹೆಸರಿನ ಪಟ್ಟಿ ಅದಕ್ಕಾಗಿಯೇ ಬೇಕಾಗಿದೆ. ಪಟ್ಟಿ ಮುಗಿದ ದಿನ ಹೆಚ್ಚಿನವರು ಸುಮ್ಮನಾಗುತ್ತಾರೆ. ಮೇಲಿನವರಿಗೆ ಅದರಿಂದ ನಷ್ಟವಿಲ್ಲ, ಅಷ್ಟರಲ್ಲಿ ಇನ್ನೊಬ್ಬರ ಪಟ್ಟಿ ಬಂದಿರುತ್ತದೆ.

ಕಮಿಷನ್ ಮುಂಗಡವಾಗಿ ಕೊಡುತ್ತಾರೆ ಎಂಬುದನ್ನೂ ತಿಳಿದಿರಿ. ಒಂಬತ್ತು ತಿಂಗಳ ಮುಂಗಡವೆಂದರೆ ಮೇಲಿನ ಲೆಕ್ಕದಲ್ಲಿ 1,350 ಡಾಲರ್. ಗಿರಾಕಿ ನಾಲ್ಕು ತಿಂಗಳಿಗೇ ಕಂತು ನಿಲ್ಲಿಸಿದರೆ 750 ಡಾಲರನ್ನು ನೀವು ಹಿಂತಿರುಗಿಸಬೇಕು. ನಾನು ಹಾಗೆ ಎರಡು ಬಾರಿ ಹಿಂತಿರುಗಿಸಿದ್ದೇನೆ.

ಆದರೆ ನನ್ನನ್ನು ಕಾಡುವುದು ಅದಲ್ಲ. ಗ್ರೀನ್ ಕಾರ್ಡ್ ಬಂದ ಹೊಸದರಲ್ಲಿ, ದಿನಸಿ ಅಂಗಡಿಯ ಬೇಳೆ ಸಾಲಿನಲ್ಲಿ ನನ್ನ ಕನ್ನಡ ಕೇಳಿಸಿಕೊಂಡು ‘ಮೈಸೂರ ಕಡೆಯವರಾ?’ ಎಂದು ವಿಚಾರಿಸಿದ ಒಬ್ಬರಿಂದ ನಾನು ಇದಕ್ಕೆ ಸೇರಿದೆ. ನನ್ನ ಪಟ್ಟಿಯ ಮೂರನೆಯ ಹೆಸರು ಮದ್ದೂರಿನ ಒಬ್ಬ ಸ್ನೇಹಿತನದು. ಶೇರು ಸೂಚ್ಯಂಕಕ್ಕೆ ತಳಕು ಹಾಕಿದ ಜೀವವಿಮೆಯನ್ನು ಅವನಿಗೆ ಕೊಡಿಸಿದೆ. ಮಾರುಕಟ್ಟೆ ಬಿದ್ದರೆ ಲಾಭ ಸೊನ್ನೆ, ನಷ್ಟವಿಲ್ಲ, ಎದ್ದರೆ ಒಂದು ಮಿತಿಯವರೆಗೆ ಲಾಭ, ನಿವೃತ್ತಿಗೆ ತೆರಿಗೆಯಿಲ್ಲದ ಹಣ ಎಂದು ನನಗೆ ಬಾಯಿಪಾಠ ಮಾಡಿಸಿದ್ದನ್ನೇ ಅವನಿಗೆ ಒಪ್ಪಿಸಿದೆ. ವಯಸ್ಸಾದಂತೆ ವಿಮೆಯ ವೆಚ್ಚ ಏರುತ್ತದೆಂದೂ, ಮೊದಲ ಹತ್ತು ಹದಿನೈದು ವರ್ಷಗಳೊಳಗೆ ಬಿಟ್ಟರೆ ‘ಸರೆಂಡರ್’ ಶುಲ್ಕ ಕಡಿತವಾಗುತ್ತದೆಂದೂ ಕಾಗದದಲ್ಲಿತ್ತು, ನನ್ನ ಮಾತಿನಲ್ಲಿ ಇರಲಿಲ್ಲ. ತಂದೆಗೆ ಕಾಯಿಲೆಯೆಂದು ಮೂರನೆಯ ವರ್ಷ ಅವನು ಊರಿಗೆ ಮರಳಿದಾಗ, ಕಟ್ಟಿದ್ದು 14,000 ಡಾಲರ್, ಕೈಗೆ ಬಂದದ್ದು 3,000ಕ್ಕೆ ಸ್ವಲ್ಪ ಮೇಲೆ. ಅವನು ಜಗಳವಾಡಲಿಲ್ಲ, ಫೋನ್ ಮಾಡುವುದನ್ನು ನಿಲ್ಲಿಸಿದ, ಅಷ್ಟೆ. ಮೊನ್ನೆ ಬೆಂಗಳೂರಿನಿಂದ ಬರುವಾಗ ಮದ್ದೂರಿನಲ್ಲಿ ಇಳಿಯುವ ಧೈರ್ಯ ನನಗೆ ಬರಲಿಲ್ಲ.

ಇದೇ ಪದ್ಧತಿ ನಮ್ಮ ದೇಶದಲ್ಲಿ ನಡೆಯುವಂತಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1938ರ ವಿಮಾ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಸೇರಿಸಿದ 42ಎ ಕಲಮು ಬಹುಹಂತದ ಜಾಲದ ಮೂಲಕ ವಿಮೆ ಮಾರುವುದನ್ನು ನಿಷೇಧಿಸಿದೆ. ಅಮೆರಿಕದಲ್ಲಿ ಹಣ ಸಿಗುವುದು ಜನರನ್ನು ಸೇರಿಸಿದ್ದಕ್ಕಲ್ಲ, ಪಾಲಿಸಿ ಮಾರಿದ್ದಕ್ಕೆ ಎಂದು ತೋರಿಸುವವರೆಗೆ ಅದು ಕಾನೂನಿನೊಳಗೇ ಇರುತ್ತದೆ.

ಹಾಗಾದರೆ ವಿಮೆ ಬೇಡವೇ ಎಂದರೆ, ಬೇಕು. ಅಲ್ಲಿಗೆ ಹೋದ ಮೇಲೆ ಯಜಮಾನರ ಕಂಪನಿ 401-ಕೆ ಎಂಬ ನಿವೃತ್ತಿ ಉಳಿತಾಯದ ಖಾತೆಗೆ ತನ್ನ ಪಾಲು ಸೇರಿಸುತ್ತದೆಯೇ ಎಂದು ಮೊದಲು ಕೇಳಿ, ಸೇರಿಸುವುದಾದರೆ ಆ ಪಾಲು ಪೂರ್ತಿ ಸಿಗುವಷ್ಟು ನೀವೂ ಕಟ್ಟಿ. ಸಾವಿನ ಭಯಕ್ಕೆ ಸರಳವಾದ ಟರ್ಮ್ ಪಾಲಿಸಿ, ಅಂದರೆ ಗೊತ್ತಾದ ಅವಧಿಯೊಳಗೆ ಸತ್ತರೆ ಮಾತ್ರ ಹಣ ಕೊಡುವ ವಿಮೆ ಸಾಕು. ಐದಾರು ವರ್ಷಕ್ಕೆ ಮರಳುವ ಯೋಚನೆಯಿದ್ದರಂತೂ ಹೂಡಿಕೆ ಬೆರೆಸಿದ ವಿಮೆಗೆ ಕೈ ಹಾಕಬೇಡಿ.

ಸಂಬಂಧಿಕರ ಮನಸ್ಸು ನೋಯಿಸದೆ ಬೇಡವೆನ್ನುವುದು ಹೇಗೆಂದೂ ಕೇಳಿದ್ದೀರಿ. ವೀಸಾ ಒಪ್ಪುವುದಿಲ್ಲ, ಬೇರೆಯವರ ಹೆಸರನ್ನು ಅವರನ್ನು ಕೇಳದೆ ಕೊಡುವುದಿಲ್ಲ ಎಂದು ಮುಂದಿನ ಭಾನುವಾರವೇ ಹೇಳಿಬಿಡಿ. ಡಲ್ಲಾಸ್‌ನಲ್ಲಿ ಮನೆ ಹೂಡಿದ ಮೇಲೆ ಅವರನ್ನು ಮುದ್ದೆಯೂಟಕ್ಕೆ ಕರೆಯಿರಿ. ಲ್ಯಾಪ್‌ಟಾಪ್ ಮಾತ್ರ ಕಾರಿನಲ್ಲೇ ಇರಲಿ ಎಂದು ಕರೆಯುವಾಗಲೇ ತಿಳಿಸಿ.