ಅಡುಗೆಮನೆ ಪ್ರಶ್ನೋತ್ತರ: ಬೆಂಗಳೂರಿನ ಒಲೆಯ ಮೇಲೆ ಕರಾವಳಿ ಮೀನೂಟ

ಪ್ರಶ್ನೆ: ಉಡುಪಿ, ಮಂಗಳೂರು ಕಡೆಯ ಬಂಗುಡೆ ಸಾರಿನ ರುಚಿ ಮನೆಯಲ್ಲಿ ಬರುವುದೇ ಇಲ್ಲ. ತೆಂಗಿನಕಾಯಿ, ಬ್ಯಾಡಗಿ ಮೆಣಸು ಎಲ್ಲ ಹಾಕುತ್ತೇವೆ. ಆದರೂ ಮಸಾಲೆ ಹಸಿ ವಾಸನೆ, ಮೀನು ಪುಡಿಪುಡಿ. ಎಲ್ಲಿ ತಪ್ಪುತ್ತಿದೆ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಮಸಾಲೆ, ಮೀನು ಎರಡನ್ನೂ ಒಟ್ಟಿಗೇ ಕುದಿಯಲು ಇಡುತ್ತಿದ್ದೀರಿ ಅನಿಸುತ್ತದೆ. ಅರೆದ ಮಸಾಲೆಯ ಹಸಿ ವಾಸನೆ ಹೋಗಲು ಹತ್ತು ನಿಮಿಷವಾದರೂ ಬೇಕು. ಬಂಗುಡೆಗೆ ಐದಾರು ನಿಮಿಷ ಸಾಕು. ಒಂದಕ್ಕಾಗಿ ಕಾದರೆ ಇನ್ನೊಂದು ಕೆಡುತ್ತದೆ.

ಅರ್ಧ ಕಿಲೋ ಬಂಗುಡೆಗೆ 12 ಬ್ಯಾಡಗಿ ಮೆಣಸು, ಖಾರ ಬೇಕೆಂದರೆ 3 ಗುಂಟೂರು ಮೆಣಸು, ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ, ಅರ್ಧ ಸಣ್ಣ ಚಮಚ ಜೀರಿಗೆ, ಕಾಲು ಸಣ್ಣ ಚಮಚ ಮೆಂತ್ಯ, ಆರು ಕಾಳುಮೆಣಸು. ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿ ಹುರಿಯಿರಿ. ಮೆಂತ್ಯ ಕಪ್ಪಾಯಿತೋ, ಇಡೀ ಸಾರು ಕಹಿ. ಮೆಣಸನ್ನು ಬಿಸಿ ನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಹುರಿದ ಕಾಳುಗಳು, ಸಣ್ಣ ನಿಂಬೆ ಗಾತ್ರದ ಹುಣಸೆ, ನಾಲ್ಕೆಸಳು ಬೆಳ್ಳುಳ್ಳಿ, ಚಿಟಿಕೆ ಅರಿಸಿನದ ಜೊತೆ ಮೊದಲು ಅರೆಯಿರಿ. ಇವು ನುಣ್ಣಗಾದ ಮೇಲೆ ಒಂದು ಬಟ್ಟಲು ಹಸಿ ತೆಂಗಿನತುರಿ, ಅರ್ಧ ಈರುಳ್ಳಿ. ತೆಂಗನ್ನು ಮೊದಲಿಂದಲೇ ಹಾಕಿ ಮಿಕ್ಸಿ ಓಡಿಸಿದರೆ ಬಿಸಿಗೆ ಎಣ್ಣೆ ಬಿಡುತ್ತದೆ, ಮೆಣಸಿನ ಸಿಪ್ಪೆ ಮಾತ್ರ ತರಿತರಿಯಾಗಿಯೇ ಉಳಿಯುತ್ತದೆ. ಬೆರಳಲ್ಲಿ ಉಜ್ಜಿ ನೋಡಿದಾಗ ತರಿ ಸಿಗಬಾರದು. ಒಣಕೊಬ್ಬರಿ ಬೇಡ, ಅದರ ಸಾರೇ ಬೇರೆ.

ಅಗಲ ಬಾಯಿಯ ಮಣ್ಣಿನ ಪಾತ್ರೆಯಾದರೆ ಮೀನು ಒಂದೇ ಸಾಲಿನಲ್ಲಿ ಮಲಗುತ್ತದೆ. ಮಸಾಲೆಗೆ ನೀರು, ಉಪ್ಪು ಸೇರಿಸಿ ಚೆನ್ನಾಗಿ ಕುದಿಸಿ, ಉಪ್ಪು ಹುಳಿ ನೋಡಿ ಸರಿಮಾಡಿಕೊಂಡ ನಂತರವೇ ಮೀನು ಇಳಿಸಿ. ಆಮೇಲೆ ಸೌಟು ಮುಟ್ಟಬೇಡಿ. ಬಟ್ಟೆಯಿಂದ ಪಾತ್ರೆಯ ಅಂಚು ಹಿಡಿದು ಮೆಲ್ಲನೆ ತಿರುಗಿಸಿದರೆ ಸಾಕು. ಕೊನೆಗೆ ಕರಿಬೇವು, ಒಂದು ಚಮಚ ಹಸಿ ತೆಂಗಿನೆಣ್ಣೆ. ಬಡಿಸುವ ಮುಂಚೆ ಅರ್ಧ ಗಂಟೆ ಮುಚ್ಚಿಡಿ, ಹುಳಿ ಉಪ್ಪು ಮೀನಿಗೆ ಹಿಡಿಯಬೇಕಲ್ಲ. ಕಾರವಾರದ ಕಡೆಯ ರುಚಿ ಬೇಕಿದ್ದರೆ ಬೆಳ್ಳುಳ್ಳಿ ಬಿಟ್ಟು, ಏಳೆಂಟು ಒಣ ಜುಮ್ಮನಕಾಯಿ (ತಿರ್ಫಲ್ ಎಂಬ ಮಸಾಲೆಕಾಯಿ) ಜಜ್ಜಿ ಹಾಕಿ. ಒಳಗಿನ ಕರಿ ಬೀಜ ಮೊದಲೇ ತೆಗೆದುಬಿಡಿ.

ಇದೇ ಮಸಾಲೆಯನ್ನು ಕಾಣೆ ಮೀನಿಗೆ (ಲೇಡಿಫಿಶ್) ಹಾಕುವವರಿದ್ದಾರೆ. ನಮ್ಮ ಮಟ್ಟಿಗೆ ಅದು ಕಾಣೆ ಕೆಡಿಸುವ ದಾರಿ. ಬಂಗುಡೆ, ಬೂತಾಯಿ ಎಣ್ಣೆಯಂಶದ ಮೀನುಗಳು, ಹುಳಿ ಖಾರ ಬೇಡುತ್ತವೆ. ಕಾಣೆ ಸೌಮ್ಯ, ಅದಕ್ಕೆ ಮೆಣಸು, ಹುಳಿ ಅರ್ಧ ಮಾಡಿ, ಮೆಂತ್ಯ ಬಿಡಿ.

ಪ್ರಶ್ನೆ: ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಐಸಿನ ಮೇಲೆ ಎಲ್ಲ ಮೀನೂ ತಾಜಾ ಆಗಿಯೇ ಕಾಣುತ್ತದೆ. ನೋಡಿ ಆರಿಸುವುದು ಹೇಗೆ?
– ಫ್ರೇಜರ್ ಟೌನ್‌ನ ಓದುಗರು

ಉತ್ತರ: ಕಿವಿರು ಎತ್ತಿ ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ. ಕೆಂಪಗಿದ್ದರೆ ಸರಿ. ಕಂದು, ಬೂದು ಬಣ್ಣ, ಅಂಟಂಟು ಲೋಳೆ ಇದ್ದರೆ ಮುಂದೆ ಹೋಗಿ. ಕಣ್ಣು ಉಬ್ಬಿರಬೇಕು, ಒತ್ತಿದ ಗುಳಿ ಮತ್ತೆ ತುಂಬಿಕೊಳ್ಳಬೇಕು. ಬೂತಾಯಿಯ ಹೊಟ್ಟೆ ಮುಖ್ಯ: ಹಳತಾದರೆ ಕರುಳಿನ ರಸವೇ ಹೊಟ್ಟೆಯ ಮಾಂಸವನ್ನು ಕರಗಿಸಿ ಒಡೆಯುತ್ತದೆ. ಒಡೆದದ್ದು ಬೇಡ. ಅಂಜಲ್ (ಸುರಮಯಿ) ಆದರೆ ಕತ್ತರಿಸಿಟ್ಟ ತುಂಡಿಗಿಂತ ಇಡೀ ಮೀನು ತೋರಿಸಿ ಕಣ್ಣೆದುರೇ ಕತ್ತರಿಸಿಕೊಟ್ಟದ್ದು ಲೇಸು.

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು 'ಮಂಗಳೂರಿನ ತಾಜಾ ಅಂಜಲ್' ಎಂದರೆ ಒಂದಿಷ್ಟು ಅನುಮಾನವಿರಲಿ. ಶೈತ್ಯಾಗಾರದ್ದೋ ಬೇರೆ ಕಡಲಿನದ್ದೋ ಆಗಿರುವ ಸಂಭವ ಹೆಚ್ಚು. ಹೊರಗಿನ ಬಿಸಿಗೆ ಬಿಟ್ಟ ಬಂಗುಡೆ, ಬೂತಾಯಿ, ಕೇದರ್‌ನಲ್ಲಿ (ಟ್ಯೂನಾ) ಹಿಸ್ಟಮಿನ್ ಎಂಬ ಅಲರ್ಜಿಯಂಥ ತೊಂದರೆ ಕೊಡುವ ರಾಸಾಯನಿಕ ಕೂಡಿಕೊಳ್ಳುತ್ತದೆ. ತಿಂದವರ ಮುಖ ಕೆಂಪಾಗಿ ಮೈ ತುರಿಸುವುದು ಅದರಿಂದಲೇ, ಎಷ್ಟು ಕುದಿಸಿದರೂ ಹೋಗದು. ಮಾರ್ಕೆಟ್ಟಿನಿಂದ ಮನೆಗೆ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಎಂದಾದರೆ ಐಸ್ ಹಾಕಿಸಿಕೊಂಡೇ ಹೊರಡಿ.

ಪ್ರಶ್ನೆ: ರವಾ ಫ್ರೈ ಮಾಡಿದರೆ ಮಸಾಲೆಯೆಲ್ಲ ಕಾವಲಿಗೆ ಅಂಟುತ್ತದೆ.
– ಗೃಹಿಣಿಯೊಬ್ಬರು, ವಿಜಯನಗರ

ಉತ್ತರ: ನೀರೇ ಶತ್ರು. ತೊಳೆದ ಮೀನಿನ ಒದ್ದೆಯನ್ನು ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಮಸಾಲೆ ಮೀನಿನ ಮೇಲೆ ನಿಲ್ಲುವಷ್ಟು ಗಟ್ಟಿ ಇರಲಿ, ಅರ್ಧ ಗಂಟೆ ಹಿಡಿಯಲಿ. ರವೆ ಮಾತ್ರ ಕಾವಲಿಗೆ ಹಾಕುವ ಗಳಿಗೆಯಲ್ಲೇ ಒತ್ತಿ. ಮೊದಲೇ ಹೊರಳಿಸಿಟ್ಟರೆ ನೀರು ಹೀರಿ ಉಪ್ಪಿಟ್ಟಾಗುತ್ತದೆ. ಎಣ್ಣೆ ಕಾದ ಮೇಲೆ ಮಧ್ಯಮ ಉರಿ. ಅಡಿ ಗರಿಯಾಗಿ ತಾನೇ ಬಿಡುವತನಕ, ಸುಮಾರು ನಾಲ್ಕು ನಿಮಿಷ, ಮಗುಚಲು ಹೋಗಬೇಡಿ.

ಪ್ರಶ್ನೆ: ಆರು ವರ್ಷದ ಮಗನಿಗೆ ಮುಳ್ಳಿನ ಭಯ. ಯಾವ ಮೀನಿನಿಂದ ಶುರುಮಾಡಲಿ?
– ಓದುಗರೊಬ್ಬರು, ಯಲಹಂಕ

ಉತ್ತರ: ಅಂಜಲ್ ತುಂಡಿನಿಂದ. ನಡುವಿನ ಮೂಳೆ ತೆಗೆದರೆ ಬಹುತೇಕ ಮುಗಿಯಿತು, ಹೊಟ್ಟೆ ಭಾಗದ ತುಂಡಾದರೆ ಮಾತ್ರ ಪಕ್ಕದ ಮುಳ್ಳು ನೋಡಿ. ಮುಂದೆ ಕಾಣೆ: ಬೆನ್ನಿನ ಗೆರೆ ಹಿಡಿದು ಮಾಂಸ ಎರಡು ಕಡೆ ಸರಿಸಿದರೆ ನಡುಮುಳ್ಳು ಉದ್ದಕ್ಕೆ ಎದ್ದು ಬರುತ್ತದೆ. ಬೂತಾಯಿ ಸದ್ಯಕ್ಕೆ ಬೇಡ. ಮೀನನ್ನು ಅನ್ನದಲ್ಲಿ ಕಲಸುವ ಮೊದಲು ಬೆರಳಲ್ಲಿ ಹಿಸುಕಿ ನೋಡಿ, ಕಲಸಿದ ಮೇಲೆ ಮುಳ್ಳು ಕೈಗೆ ಸಿಗದು. ಅಕಸ್ಮಾತ್ ಗಂಟಲಿಗೆ ಚುಚ್ಚಿಕೊಂಡರೆ ಅನ್ನದ ಉಂಡೆ ನುಂಗಿಸಬೇಡಿ, ಮುಳ್ಳು ಇನ್ನೂ ಆಳಕ್ಕೆ ಇಳಿಯಬಹುದು. ನೋವು ಉಳಿದರೆ ಕಿವಿ-ಮೂಗು-ಗಂಟಲು ವೈದ್ಯರ ಬಳಿಗೆ ಅಂದೇ ಹೋಗಿ.