ಒಂದೇ ತಿಂಗಳಲ್ಲಿ ಅಷ್ಟೂ ಜನ?

ಪ್ರಶ್ನೆ: ಅಮೆರಿಕದ ಕಂಟ್ರಿ ಸಿಂಗರ್ ಪ್ಯಾಟ್ಸಿ ಕ್ಲೈನ್ ವಿಮಾನ ಬಿದ್ದು ಸತ್ತಾಗ ಜೊತೇಲಿ ಬೇರೆ ಗಾಯಕರೂ ಹೋದ್ರಂತೆ, ಅವರ ಪ್ರಾರ್ಥನಾ ಸಭೆಗೆ ಹೊರಟೋರೂ ಸತ್ರಂತೆ. ನಿಜಾನಾ, ಕಟ್ಟುಕಥೆನಾ?

ಉತ್ತರ: ನಿಜಾನೇ ರೀ. 1963ರ ಮಾರ್ಚ್ 5. ಆಕ್ಸಿಡೆಂಟಲ್ಲಿ ತೀರಿಹೋದ ಒಬ್ಬ ರೇಡಿಯೋ ಜಾಕಿ ಕುಟುಂಬಕ್ಕೋಸ್ಕರ ಕಾನ್ಸಸ್ ಸಿಟೀಲಿ ಸಹಾಯಾರ್ಥ ಪ್ರೋಗ್ರಾಂ ಕೊಟ್ಟು ನ್ಯಾಶ್‌ವಿಲ್‌ಗೆ ವಾಪಸ್ ಬರ್ತಿದ್ರು, ಪುಟ್ಟ ಪೈಪರ್ ಕಮಾಂಚೆ ವಿಮಾನ, ಒಳಗೆ ಪ್ಯಾಟ್ಸಿ, ಗಾಯಕರಾದ ಕೌಬಾಯ್ ಕೋಪಾಸ್, ಹಾಕ್‌ಶಾ ಹಾಕಿನ್ಸ್, ಓಡಿಸ್ತಿದ್ದದ್ದು ಆಕೆಯ ಮ್ಯಾನೇಜರ್ ರ‍್ಯಾಂಡಿ ಹ್ಯೂಸ್, ಅವನು ಕೋಪಾಸ್ ಅಳಿಯ ಬೇರೆ. ದಾರೀಲಿ ಟೆನೆಸ್ಸೀ ರಾಜ್ಯದ ಡಯರ್ಸ್‌ಬರ್ಗಲ್ಲಿ ಇಳಿದಾಗ ಹವಾಮಾನ ಕೆಟ್ಟಿದೆ, ರಾತ್ರಿ ಇಲ್ಲೇ ಉಳ್ಕೊಳ್ಳಿ ಅಂತ ಅಲ್ಲಿಯೋರು ಹೇಳಿದ್ರು. ಕೇಳಲಿಲ್ಲ. ಹ್ಯೂಸ್‌ಗೆ ಬರೀ ಉಪಕರಣ ನೋಡ್ಕೊಂಡು ಮೋಡದೊಳಗೆ ಹಾರಿಸೋ ತರಬೇತಿ ಇರ್ಲಿಲ್ಲ, ನನ್ ಪ್ರಕಾರ ಅಸಲಿ ಕಾರಣ ಅದೇ, ಶಾಪ ಗೀಪ ಏನೂ ಅಲ್ಲ. ಅದೇ ರಾಜ್ಯದ ಕ್ಯಾಮ್ಡೆನ್ ಹತ್ರ ಕಾಡಲ್ಲಿ ಬಿತ್ತು, ನಾಲ್ಕೂ ಜನ ಹೋದ್ರು. ಪ್ಯಾಟ್ಸಿಗೆ ಆಗ ಬರೀ 30. ಹಾಕಿನ್ಸ್ ಹೆಂಡತಿ ಜೀನ್ ಶೆಪರ್ಡ್, ಆಕೇನೂ ಗಾಯಕಿ, ತುಂಬು ಗರ್ಭಿಣಿ. ಮುಂದೆ ದಶಕಗಳ ಕಾಲ ನ್ಯಾಶ್‌ವಿಲ್‌ನ ಹೆಸರಾಂತ ಕಂಟ್ರಿ ಸಂಗೀತದ ಪ್ರೋಗ್ರಾಂ ಗ್ರ್ಯಾಂಡ್ ಓಲ್ ಆಪ್ರೀಲಿ ಹಾಡಿದ್ರು.

ಮಾರ್ಚ್ 7ಕ್ಕೆ ಪ್ಯಾಟ್ಸಿ ಪ್ರಾರ್ಥನಾ ಸಭೆಗೆ ಹೊರಟ ಜ್ಯಾಕ್ ಆಂಗ್ಲಿನ್ ಕಾರ್ ಅಪಘಾತದಲ್ಲಿ ತೀರ್ಕೊಂಡ್ರು, 'ಜಾನಿ ಅಂಡ್ ಜ್ಯಾಕ್' ಗಾಯಕ ಜೋಡೀಲಿದ್ದೋರು. ಅಷ್ಟಕ್ಕೇ ಮುಗೀಲಿಲ್ಲ, ಅದೇ ತಿಂಗಳ ಕೊನೇಲಿ ಗಾಯಕಿ ಟೆಕ್ಸಸ್ ರೂಬಿ ಮನೆಗೆ ಬೆಂಕಿ ಬಿದ್ದು ಸತ್ರು.