ಹುಟ್ಟಿದ್ದು ಎಲ್ಲಿ ಅಂತ ಹೇಳಲೇಬೇಕಾ?

ಶಿರಸಿಯಿಂದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಮಗ ಹೇಳಿದ ಅಂತ 2015ರ ‘ಸ್ಟೀವ್ ಜಾಬ್ಸ್’ ಸಿನಿಮಾ ನೋಡಿದೆ. ಹುಟ್ಟು ಇಲ್ಲ, ಓದು ಇಲ್ಲ, ಐಫೋನ್ ಇಲ್ಲ, ಸಾವೂ ಇಲ್ಲ. ಎರಡು ತಾಸು ಸ್ಟೇಜಿನ ಹಿಂದೆ ಬರೀ ಜಗಳ. ಇದೆಂಥ ಜೀವನಚರಿತ್ರೆ?"

ಮೇಷ್ಟ್ರೇ, ನಿಮ್ಮ ಮಾತಲ್ಲಿ ಹುರುಳಿಲ್ಲ ಅನ್ನಲಾರೆ. ಆ ಜಗಳಗಳೆಲ್ಲ ಅಲ್ಲೇ, ಹಾಗೇ ನಡೆದವಲ್ಲ. ಅದು ಆರನ್ ಸಾರ್ಕಿನ್ ಬರವಣಿಗೆಯ ಕಟ್ಟೋಣ. ಥಿಯೇಟರಲ್ಲೂ ಅದು ಅಷ್ಟೇನೂ ಓಡಲಿಲ್ಲ. ಒಪ್ಪಿದೆ. ಆದರೆ ನೀವು ‘ಇಲ್ಲ, ಇಲ್ಲ’ ಅಂತ ಪಟ್ಟಿ ಕೊಟ್ಟಿದ್ದೀರಲ್ಲ, ನನಗೆ ಆ ಸಿನಿಮಾ ಇಷ್ಟವಾಗಿದ್ದೇ ಅದಕ್ಕೆ.

ಆಪಲ್ ಕಂಪನಿ ಕಟ್ಟಿದ ಜಾಬ್ಸ್‌ನ ಮೂರೇ ದಿನದ ಕತೆ, ಮೂರೂ ಹೊಸ ಕಂಪ್ಯೂಟರ್ ಬಿಡುಗಡೆಯ ದಿನಗಳು. 1984ರಲ್ಲಿ ಮ್ಯಾಕಿಂಟೋಷ್, 1988ರಲ್ಲಿ ನೆಕ್ಸ್ಟ್, 1998ರಲ್ಲಿ ಐಮ್ಯಾಕ್. ಪ್ರತಿ ಸಲ ಪರದೆ ಏಳುವ ಮುಂಚೆ ಅದೇ ಜನ, ಹಳೇ ಬಾಕಿ ಕೇಳೋಕೆ ಬಂದ ಸಾಲಗಾರರ ಹಾಗೆ. ಕಂಪನಿಯ ಹಳೇ ಕಂಪ್ಯೂಟರ್ ಆಪಲ್ 2 ಮಾಡಿದ ಹುಡುಗರಿಗೆ ಸ್ಟೇಜಿನ ಮೇಲೆ ಒಂದು ಥ್ಯಾಂಕ್ಸ್ ಹೇಳು ಅಂತಾನೆ ಜೊತೆಗೆ ಆಪಲ್ ಕಟ್ಟಿದ ವೋಜ್ನಿಯಾಕ್. 1984ರಲ್ಲೂ ಅದೇ, 1998ರಲ್ಲೂ ಅದೇ. ಜಾಬ್ಸ್ ಹೇಳಲ್ಲ. ಹದಿನಾಲ್ಕು ವರ್ಷ ಕಳೆದದ್ದು ನಮಗೆ ಗೊತ್ತಾಗೋದು ಹಾಗೆ. ನಿರ್ದೇಶಕ ಡ್ಯಾನಿ ಬಾಯ್ಲ್ ಚಿತ್ರದ ಮೈಯನ್ನೂ ಬದಲಿಸಿದರು. ಮೊದಲನೆಯ ದಿನ ತರಿತರಿಯಾದ 16 ಎಂಎಂ ಫಿಲಂ, ಎರಡನೆಯದು 35 ಎಂಎಂ, ಮೂರನೆಯದು ಡಿಜಿಟಲ್.

ಆ ಐದು ವರ್ಷದ ಹುಡುಗಿ ಲೀಸಾ ನೆನಪಿದೆಯಾ? ಮೌಸ್ ಹಿಡಿದು ಮ್ಯಾಕ್‌ನಲ್ಲಿ ಏನೋ ಗೀಚುತ್ತಾಳೆ. ಇವಳು ನನ್ನ ಮಗಳಲ್ಲ ಅಂತಿದ್ದ ಜಾಬ್ಸ್ ಬಗ್ಗಿ ನೋಡುತ್ತಾನೆ. ಆಮೇಲೆ ಅವಳ ಅಮ್ಮನಿಗೆ ದುಡ್ಡು ಹಾಕ್ತೀನಿ, ಮನೆ ಕೊಡಿಸ್ತೀನಿ ಅಂತಾನೆ. ಇದನ್ನು ನೋಡಿದ ಮೇಲೂ ಅವನ ಮಾರ್ಕ್ಸ್ ಕಾರ್ಡ್ ಬೇಕಾ ನಿಮಗೆ?

ನೀವಂತೂ ಈ ಪ್ರಶ್ನೆ ಕೇಳಬಾರದಿತ್ತು. ಗದಾಯುದ್ಧ ಎಷ್ಟು ವರ್ಷ ಪಾಠ ಮಾಡಿದ್ದೀರಿ! ರನ್ನ ಏನು ಭೀಮನ ತೊಟ್ಟಿಲಿಂದ ಶುರು ಮಾಡಿದನಾ? ಯುದ್ಧದ ಕೊನೆಯ ದಿನ ಹಿಡಿದ, ಸಿಂಹದ ಹಾಗೆ ಹಿಂದೆ ತಿರುಗಿ ನೋಡುತ್ತ ಇಡೀ ಭಾರತ ಹೇಳಿದ. ಸಾವಿರ ವರ್ಷದ ಹಿಂದೆಯೇ ನಮ್ಮಲ್ಲಿದ್ದ ವಿದ್ಯೆ. ಈಗ ಯಾರ ಬಗ್ಗೆ ಬರೆಸಿದರೂ ಮೊದಲ ಸಾಲು ‘ಇಂಥ ಊರಿನಲ್ಲಿ ಇಂಥ ದಂಪತಿಗಳ ಮಗನಾಗಿ ಜನಿಸಿದರು’. ನಮ್ಮ ಕಚೇರಿಗೆ ಇಂಥ ಬರಹ ವಾರಕ್ಕೆ ನಾಲ್ಕಾದರೂ ಬರುತ್ತವೆ.

ಹಿಂದೊಮ್ಮೆ ನಾನೇ ಒಂದು ಅಭಿನಂದನಾ ಗ್ರಂಥದ ಕರಡು ತಿದ್ದಿದ್ದೆ. ಪ್ರಶಸ್ತಿ ಪಟ್ಟಿಯೇ ಹನ್ನೊಂದು ಪುಟ. ಆ ಹಿರಿಯರಿಗೆ ಸಿಟ್ಟು ಬರ್ತಿತ್ತಾ ಇಲ್ವಾ ಅಂತ ಒಂದು ಸಾಲೂ ಇಲ್ಲ. ಯಾವುದೋ ತಾರೀಖು ಕೇಳಲು ಮನೆಗೆ ಫೋನ್ ಮಾಡಿದರೆ ಅವರ ಹೆಂಡತಿ ಅಂದರು: "ತಾರೀಖೆಲ್ಲ ಗೊತ್ತಿಲ್ಲಪ್ಪ. ಕಾಫಿ ಆರಿದ್ರೆ ಲೋಟ ಅಂಗಳಕ್ಕೆ ಎಸೀತಿದ್ರು. ಆಮೇಲೆ ತಾವೇ ಹೋಗಿ ಎತ್ಕೊಂಡು ಬಂದು ತೊಳೆದಿಡ್ತಿದ್ರು."

ಆ ಲೋಟದಿಂದಲೇ ಶುರು ಮಾಡೋಣ ಅಂತ ಸಮಿತಿಗೆ ಹೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗ್ರಂಥ ‘ಜನಿಸಿದರು’ ಅಂತಲೇ ಶುರುವಾಯಿತು. ಐದನೇ ಪುಟದಲ್ಲಿ ಜಾತಕವೂ ಇದೆ.